ಜ್ವರದಿಂದ ಸಕ್ಕರೆ ಕಾಯಿಲೆ ಬರುತ್ತದೆಯೆ?

ಸಕ್ಕರೆ ಕಾಯಿಲೆ ಎಂದೊಡನೆ ನಮಗೆ ನೆನಪಾಗುವುದು ಐವತ್ತು ದಾಟಿದ ಹಿರಿಯರು, ಸಕ್ಕರೆ ಇಲ್ಲದ ಚಹಾ, ಬೆಳಗಿನ ವಾಕಿಂಗು. ಆದರೆ ಆರೇಳು ವರ್ಷದ ಮಕ್ಕಳಿಗೂ ಬರುವ ಇನ್ನೊಂದು ಬಗೆಯ ಮಧುಮೇಹವಿದೆ. ವೈದ್ಯರು ಅದಕ್ಕೆ 'ಟೈಪ್ ಒನ್' ಅನ್ನುತ್ತಾರೆ. ಕಾಚಿಗುಡದ ನಮ್ಮ ಓಣಿಯಲ್ಲಿ ಇಂಥ ಒಬ್ಬ ಹುಡುಗಿ ಇದ್ದಾಳೆ. "ಜ್ವರ ಬಂದು ಹೋದ ಮ್ಯಾಲೆ ಸಕ್ಕರಿ ಬಂತ್ರಿ" ಅಂತ ಅವಳ ಅಜ್ಜಿ ಹೇಳುತ್ತಾರೆ. ನೋಡಲು ಬಂದವರು "ತಾಯಿ ಮಿಠಾಯಿ ಭಾಳ ತಿನಿಸಿದಳು" ಅನ್ನುತ್ತಾರೆ. ಎರಡನೆಯ ಮಾತು ಪೂರಾ ಸುಳ್ಳು. ಮೊದಲನೆಯದರಲ್ಲಿ ಅರ್ಧ ನಿಜ ಇರಬಹುದು. ಆ ಅರ್ಧ ಯಾವುದೆಂದು ತಿಳಿಯೋಣ.

ನಮ್ಮ ಜಠರದ ಹಿಂದೆ ಮೇದೋಜೀರಕ ಗ್ರಂಥಿ ಇದೆ. ಅದರಲ್ಲಿರುವ ಬೀಟಾ ಜೀವಕೋಶಗಳು ಇನ್ಸುಲಿನ್ ತಯಾರಿಸುತ್ತವೆ. ರಕ್ತದ ಸಕ್ಕರೆ ದೇಹಕ್ಕೆ ಉಪಯೋಗವಾಗಬೇಕಾದರೆ ಇನ್ಸುಲಿನ್ ಬೇಕೇ ಬೇಕು. ಟೈಪ್ ಒನ್ ಕಾಯಿಲೆಯಲ್ಲಿ ನಮ್ಮದೇ ರೋಗನಿರೋಧಕ ಶಕ್ತಿ ಈ ಜೀವಕೋಶಗಳನ್ನು ಶತ್ರುವೆಂದು ಬಗೆದು ಕೊಲ್ಲುತ್ತದೆ. ಕಾವಲುಗಾರ ಮನೆಯವರನ್ನೇ ಕಳ್ಳರೆಂದು ಹೊಡೆದ ಹಾಗೆ.

ಅವನಿಗೆ ಈ ಭ್ರಮೆ ಹುಟ್ಟಿಸಿದವರು ಯಾರು? ವಂಶದ ಪಾಲು ಖಂಡಿತ ಇದೆ. ಆದರೆ ಒಂದೇ ತದ್ರೂಪಿನ ಅವಳಿಗಳಲ್ಲಿ ಒಬ್ಬರಿಗೆ ಬಂದರೆ ಇನ್ನೊಬ್ಬರಿಗೆ ಬಂದೇ ತೀರುತ್ತದೆ ಅಂತಿಲ್ಲ. ಅಂದಮೇಲೆ ಹೊರಗಿನದೂ ಏನೋ ಇರಬೇಕಲ್ಲವೆ? ಬಹಳ ಕಾಲದಿಂದ ಸಂಶಯ ಬಿದ್ದಿರುವುದು ವೈರಸ್ಸಿನ ಮೇಲೆ.

ಅದರಲ್ಲೂ ಮುಖ್ಯವಾದದ್ದು ಕಾಕ್ಸಾಕಿ ವೈರಸ್. ಇದು ಅಮೆರಿಕದ ಒಂದು ಊರಿನ ಹೆಸರು. ಈ ವೈರಸ್ಸು ಕೊಳೆ ಕೈಯಿಂದ ಹರಡುತ್ತದೆ. ಸಾಮಾನ್ಯವಾಗಿ ಸಣ್ಣ ಜ್ವರ ಕೊಟ್ಟು ಹೋಗುತ್ತದೆ. 1979ರಲ್ಲಿ ಅಮೆರಿಕದ ವಿಜ್ಞಾನಿಗಳು, ಮಧುಮೇಹ ವಿಕೋಪಕ್ಕೆ ಹೋಗಿ ತೀರಿಕೊಂಡ 10 ವರ್ಷದ ಬಾಲಕನೊಬ್ಬನ ಮೇದೋಜೀರಕದಿಂದ ಇದನ್ನು ಬೇರ್ಪಡಿಸಿದರು. ಅದನ್ನು ಇಲಿಗಳಿಗೆ ಚುಚ್ಚಿದಾಗ ಅವುಗಳಿಗೂ ರಕ್ತದಲ್ಲಿ ಸಕ್ಕರೆ ಏರಿತು. 2019ರಲ್ಲಿ ಪ್ರಕಟವಾದ ಅಮೆರಿಕ ಮತ್ತು ಯುರೋಪಿನ ದೊಡ್ಡ ಅಧ್ಯಯನವೊಂದು ಮಕ್ಕಳನ್ನು ಎಳವೆಯಿಂದಲೇ ಗಮನಿಸಿ ಇನ್ನೊಂದು ಸಂಗತಿ ಹೇಳಿತು: ಈ ಜಾತಿಯ ವೈರಸ್ಸು ಬಹಳ ದಿನ ದೇಹದಲ್ಲಿ ಉಳಿದ ಮಕ್ಕಳಲ್ಲಿ ಬೀಟಾ ಜೀವಕೋಶಗಳ ವಿರುದ್ಧದ ಪ್ರತಿಕಾಯಗಳು ಹುಟ್ಟುವ ಸಂಭವ ಹೆಚ್ಚು. ಬಂದು ಬೇಗ ಹೋದ ಸೋಂಕಿಗೆ ಈ ನಂಟು ಕಾಣಲಿಲ್ಲ.

ಇದು ಹೇಗೆ ನಡೆಯಬಹುದು? ವೈರಸ್ಸು ಬೀಟಾ ಜೀವಕೋಶದೊಳಗೇ ಅಡಗಿ ಕೂತರೆ, ಅದನ್ನು ಹಿಡಿಯಲು ಬಂದ ಕಾವಲುಗಾರ ಮನೆಯನ್ನೇ ಕೆಡವಬಹುದು. ಇಲ್ಲವೆ, ವೈರಸ್ಸಿನ ಒಂದು ತುಣುಕು ಬೀಟಾ ಜೀವಕೋಶದ ಪ್ರೋಟೀನನ್ನು ಹೋಲುವುದರಿಂದ ಗುರುತು ತಪ್ಪಬಹುದು. ಎರಡೂ ಇನ್ನೂ ಪೂರ್ತಿ ರುಜುವಾತಾಗಿಲ್ಲ.

ಕಾಮರ್ಸ್ ವಿದ್ಯಾರ್ಥಿಯಾದ ನನಗೆ ಮುಂದಿನದು ಬ್ಯಾಂಕಿನ ಖಾತೆಯಂತೆ ತೋರುತ್ತದೆ. ಬೀಟಾ ಜೀವಕೋಶಗಳ ಠೇವಣಿ ತಿಂಗಳುಗಟ್ಟಲೆ, ವರ್ಷಗಟ್ಟಲೆ ಸದ್ದಿಲ್ಲದೆ ಕರಗುತ್ತದೆ. ಜ್ವರ ಬಂದಾಗ ದೇಹಕ್ಕೆ ಇನ್ಸುಲಿನ್ ಹೆಚ್ಚು ಬೇಕು. ಆಗ ಚೆಕ್ಕು ವಾಪಸು ಬರುತ್ತದೆ. ಖಾತೆ ಬರಿದು ಮಾಡಿದ್ದು ಆ ಕೊನೆಯ ಚೆಕ್ಕಲ್ಲ. ಹಾಗೆಯೇ, ಅಜ್ಜಿ ಕಂಡ ಜ್ವರ ಕಾಯಿಲೆಯನ್ನು ಬಯಲಿಗೆ ತಂದಿರಬಹುದು ಅಷ್ಟೆ. ಶುರು ಮಾಡಿದ ಸೋಂಕು, ಇದ್ದರೆ, ಯಾವಾಗಲೋ ಬಂದು ಹೋಗಿರುತ್ತದೆ.

ಹಾಗಂತ ಪ್ರತಿ ಜ್ವರಕ್ಕೂ ಹೆದರಬೇಕಾಗಿಲ್ಲ. ಕರ್ನಾಟಕದಲ್ಲಿ 1995ರಿಂದ 2008ರವರೆಗೆ ಇಟ್ಟ ನೋಂದಣಿಯ ಪ್ರಕಾರ ವರ್ಷಕ್ಕೆ ಲಕ್ಷ ಮಕ್ಕಳಲ್ಲಿ ಸುಮಾರು ನಾಲ್ವರಿಗೆ ಮಾತ್ರ ಈ ಕಾಯಿಲೆ ಬಂದಿದೆ. ಆದರೆ ಮಗುವಿಗೆ ವಿಪರೀತ ಬಾಯಾರಿಕೆ, ಪದೇ ಪದೇ ಮೂತ್ರ, ಹಾಸಿಗೆ ಒದ್ದೆ, ತೂಕ ಇಳಿತ ಕಂಡರೆ ಅದೇ ದಿನ ರಕ್ತದ ಸಕ್ಕರೆ ಪರೀಕ್ಷಿಸಬೇಕು.

ಕಾಯಿಲೆ ಗೊತ್ತಾದ ಮೇಲೆ "ಸೂಜಿ ಬ್ಯಾಡ, ನಾಟಿ ಔಷಧಿ ಸಾಕು" ಅನ್ನುವವರು ಹಲವರು. 1922ರ ಜನವರಿಯಲ್ಲಿ ಕೆನಡಾದ ಟೊರಾಂಟೊದಲ್ಲಿ 14 ವರ್ಷದ ಹುಡುಗನೊಬ್ಬನಿಗೆ ಮೊದಲ ಇನ್ಸುಲಿನ್ ಚುಚ್ಚಿದರು. ಅದಕ್ಕೂ ಮುಂಚೆ ಇಂಥ ಮಕ್ಕಳು ಬದುಕುತ್ತಿದ್ದುದು ಹೆಚ್ಚೆಂದರೆ ಕೆಲವೇ ವರ್ಷ. ಸೂಜಿ ಬಿಡಿಸುವುದೆಂದರೆ ಮಗುವನ್ನು ಆ ಕಾಲಕ್ಕೆ ವಾಪಸು ಕಳಿಸಿದ ಹಾಗೆ. ವೈರಸ್ಸಿನ ಪಾತ್ರವೆಷ್ಟು ಎಂಬುದನ್ನು ವಿಜ್ಞಾನಿಗಳು ನಿಧಾನವಾಗಿ ತೀರ್ಮಾನಿಸಲಿ; ತಾಯಿಯ ತಪ್ಪಿಲ್ಲ ಎಂಬುದು ಈಗಾಗಲೇ ತೀರ್ಮಾನವಾಗಿದೆ. ಇನ್ಸುಲಿನ್ ಮಾತ್ರ ಒಂದು ದಿನವೂ ತಪ್ಪಬಾರದು.