ಮಾಸ್ತರರ ಗುರಿ, ಮಕ್ಕಳ ಕಲಿಕೆ

ಪರೀಕ್ಷೆ ಬರೆಯುವವರು ನೀವು ಮಾತ್ರ ಎಂದು ತಿಳಿದಿದ್ದರೆ ಆ ತಿಳಿವಳಿಕೆಯನ್ನು ಸ್ವಲ್ಪ ತಿದ್ದಿಕೊಳ್ಳಬೇಕು. ನಿಮ್ಮ ಉತ್ತರಪತ್ರಿಕೆಯ ಬೆನ್ನಿಗೇ ನಿಮ್ಮ ಶಿಕ್ಷಕರ ಲೆಕ್ಕವೂ ನಡೆಯುತ್ತಿರುತ್ತದೆ. ಶಾಲೆಯ ಫಲಿತಾಂಶ ಶೇಕಡಾ ಎಷ್ಟು, ಹೋದ ವರ್ಷ ಎಷ್ಟಿತ್ತು, ಜಿಲ್ಲೆಗೆ ಎಷ್ಟನೆಯ ಸ್ಥಾನ ಬಂತು ಎಂದು ಮೇಲಿನವರು ಕೇಳುತ್ತಾರೆ. ನಿಮ್ಮಲ್ಲಿ ಕೆಲವರು ಮುಂದೆ ಡಿ.ಎಡ್. ಅಥವಾ ಬಿ.ಎಡ್. ಮಾಡಿ ಶಿಕ್ಷಕರಾಗುವವರು. ಆಗ ಈ ಪ್ರಶ್ನೆ ನಿಮಗೂ ಬರುತ್ತದೆ: ಈ ವರ್ಷ ನಿಮ್ಮ ಗುರಿ ಏನು? ಅದನ್ನು ಮುಟ್ಟಿದಿರಿ ಎಂದು ಹೇಗೆ ತೋರಿಸುತ್ತೀರಿ?

ಬಹುಕಾಲ ಇದಕ್ಕೆ ಇದ್ದ ಉತ್ತರ ಒಂದೇ, "ಪಾಠ ಮುಗಿಸಿದ್ದೇನೆ." ಪಾಠ ಮುಗಿಯುವುದು ಬೇರೆ, ಮಗು ಕಲಿಯುವುದು ಬೇರೆ. 1986ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿ ಹಂತಕ್ಕೂ ಕನಿಷ್ಠ ಕಲಿಕಾ ಮಟ್ಟ ನಿಗದಿಯಾಗಬೇಕೆಂದು ಹೇಳಿತು. ಆರ್.ಎಚ್. ದವೆ ಅವರ ಅಧ್ಯಕ್ಷತೆಯ ಸಮಿತಿ 1991ರಲ್ಲಿ ಒಂದರಿಂದ ಐದನೆಯ ತರಗತಿವರೆಗೆ ಭಾಷೆ, ಗಣಿತ, ಪರಿಸರ ಅಧ್ಯಯನಗಳಲ್ಲಿ ಮಗು ಏನೇನು ಮಾಡಬಲ್ಲದಾಗಬೇಕು ಎಂಬ ಪಟ್ಟಿ ಕೊಟ್ಟಿತು. ಕಲಿಕೆಯನ್ನು ಹೀಗೆ ತುಂಡು ತುಂಡಾಗಿ ಕತ್ತರಿಸಬಹುದೇ ಎಂಬ ಟೀಕೆಯೂ ಬಂತು. ಆ ಟೀಕೆಯಲ್ಲಿ ಹುರುಳಿದೆ. ಆದರೂ "ಪಾಠ ಮುಗಿಸಿದೆ" ಎಂಬಲ್ಲಿಂದ "ಮಗು ಇದನ್ನು ಮಾಡಬಲ್ಲದು" ಎಂಬಲ್ಲಿಗೆ ಮಾತು ತಿರುಗಿದ್ದು ದೊಡ್ಡ ಬದಲಾವಣೆಯೇ.

ಈ ವಿಚಾರ ನಮ್ಮ ನಾಡಿನಲ್ಲಿ ದೊಡ್ಡ ಪ್ರಮಾಣದಲ್ಲಿ ಒರೆಗೆ ಬಿದ್ದದ್ದು ಉತ್ತರದ ಜಿಲ್ಲೆಗಳಲ್ಲಿ. 1997ರಲ್ಲಿ ರಾಯಚೂರಿನಿಂದ ಬೇರೆಯಾದ ಕೊಪ್ಪಳ ಜಿಲ್ಲೆಯಲ್ಲಿ ಆಗ ಇದ್ದದ್ದು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕೇ ತಾಲ್ಲೂಕು. 2001ರ ಜನಗಣತಿಯಲ್ಲಿ ಜಿಲ್ಲೆಯ ಸಾಕ್ಷರತೆ ಶೇಕಡಾ 54ರ ಆಸುಪಾಸಿನಲ್ಲಿತ್ತು. 2002ರಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ರಾಜ್ಯ ಸರ್ಕಾರದ ಜೊತೆಗೂಡಿ ಬೀದರ್, ಗುಲ್ಬರ್ಗಾ, ರಾಯಚೂರು, ಕೊಪ್ಪಳ, ಬಳ್ಳಾರಿ, ಬಿಜಾಪುರ, ಬಾಗಲಕೋಟೆ ಜಿಲ್ಲೆಗಳ ಸರ್ಕಾರಿ ಪ್ರಾಥಮಿಕ ಶಾಲೆಗಳಿಗಾಗಿ 'ಕಲಿಕಾ ಖಾತರಿ' ಕಾರ್ಯಕ್ರಮ ಆರಂಭಿಸಿತು. ಸೇರುವುದು, ಬಿಡುವುದು ಶಾಲೆಯ ಇಷ್ಟ. "ನಮ್ಮ ಮಕ್ಕಳನ್ನು ಹೊರಗಿನವರು ಬಂದು ಪರೀಕ್ಷಿಸಲಿ" ಎಂದು ಶಾಲೆಯೇ ಮುಂದೆ ಬರಬೇಕು. ನಿಗದಿತ ಮಟ್ಟ ಮುಟ್ಟಿದರೆ ಶಾಲೆಗೆ ನಗದು ಬಹುಮಾನ. ಪ್ರಶ್ನೆಗಳು ಬಾಯಿಪಾಠದವಲ್ಲ, ತಿಳಿವಳಿಕೆ ಕೆದಕುವಂಥವು. ಮೊದಲ ಸುತ್ತಿನಲ್ಲಿ ಪರೀಕ್ಷೆಗೆ ನಿಂತ ಸುಮಾರು 900 ಶಾಲೆಗಳಲ್ಲಿ ಗೆದ್ದವು 40ರಷ್ಟು ಮಾತ್ರ.

ಗೆದ್ದವರು ಕಡಿಮೆ ಎಂಬುದಕ್ಕಿಂತ ನನ್ನ ಗಮನ ಸೆಳೆದದ್ದು ಗೆಲ್ಲುವ ಷರತ್ತು. ಅಳೆದದ್ದು ಕಲಿಕೆಯೊಂದನ್ನೇ ಅಲ್ಲ. ಊರಿನ ಮಕ್ಕಳೆಲ್ಲ ದಾಖಲಾಗಿದ್ದಾರೆಯೇ, ದಾಖಲಾದವರು ತಪ್ಪದೆ ಬರುತ್ತಾರೆಯೇ, ಬಂದವರು ಕಲಿತಿದ್ದಾರೆಯೇ ಎಂದು ಮೂರನ್ನೂ ಒಟ್ಟಿಗೆ ನೋಡುತ್ತಿದ್ದರು. ಏಕೆ ಮೂರು? ಒಂದು ಲೆಕ್ಕ ಮಾಡಿ ನೋಡೋಣ.

ಕುಷ್ಟಗಿ ತಾಲ್ಲೂಕಿನ ಒಂದು ಒಣಬೇಸಾಯದ ಹಳ್ಳಿಯಲ್ಲಿ ನಾಲ್ಕನೆಯ ತರಗತಿ ಇದೆ, 24 ಮಕ್ಕಳಿದ್ದಾರೆ ಎಂದುಕೊಳ್ಳಿ. ಜೂನ್ ತಿಂಗಳಲ್ಲಿ ಶಿಕ್ಷಕಿ ಒಂದೊಂದೇ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿಸುತ್ತಾರೆ. ಅಕ್ಷರವನ್ನೇ ಗುರುತಿಸದವರು 3, ಅಕ್ಷರ ಬಲ್ಲವರು 6, ಬಿಡಿ ಪದ ಓದುವವರು 7, ಸರಳ ವಾಕ್ಯಗಳನ್ನು ಓದುವವರು 5, ಸಣ್ಣ ಕಥೆಯನ್ನು ಸರಾಗವಾಗಿ ಓದುವವರು 3. ಈ ಮೆಟ್ಟಿಲುಗಳು ಹೊಸವಲ್ಲ. 'ಪ್ರಥಮ್' ಸಂಸ್ಥೆ 2005ರಿಂದ ದೇಶದ ಹಳ್ಳಿಗಳಲ್ಲಿ ನಡೆಸುತ್ತ ಬಂದಿರುವ 'ಅಸರ್' ಸಮೀಕ್ಷೆಯಲ್ಲಿ ಇವೇ ಇವೆ.

ಡಿಸೆಂಬರ್ ಬರುತ್ತದೆ. ನೀರಿರುವ ಸೀಮೆಗೋ ದೂರದ ಪಟ್ಟಣದ ಕಟ್ಟಡದ ಕೆಲಸಕ್ಕೋ ಮೂರು ಕುಟುಂಬಗಳು ಹೊರಟಿವೆ. ಅಕ್ಷರ ಗುರುತಿಸದ ಆ ಮೂವರು ಮಕ್ಕಳು ಅವರ ಸಂಗಡ ಹೋಗಿದ್ದಾರೆ. ಉಳಿದವರು 21. ಇವರಲ್ಲಿ ಯಾರೂ ಒಂದಕ್ಷರ ಹೆಚ್ಚಿಗೆ ಕಲಿತಿಲ್ಲ ಎಂದೇ ಇಟ್ಟುಕೊಳ್ಳಿ. ಆದರೂ ಕಥೆ ಓದಬಲ್ಲವರ ಪ್ರಮಾಣ 24ಕ್ಕೆ 3 ಇದ್ದದ್ದು 21ಕ್ಕೆ 3 ಆಯಿತು, ಅಂದರೆ ಶೇಕಡಾ 12.5ರಿಂದ 14.3ಕ್ಕೆ ಏರಿತು! ಅಕ್ಷರವೇ ಬಾರದವರು ಸೊನ್ನೆ! ವರದಿ ಚೆನ್ನಾಗಿದೆ. ಮೂರು ಮಕ್ಕಳು ಶಾಲೆ ಬಿಟ್ಟದ್ದೇ ಆ ಚೆಂದಕ್ಕೆ ಕಾರಣ.

ಮಕ್ಕಳ ಕಲಿಕೆಯಿಂದ ಶಿಕ್ಷಕರ ಗುರಿಯನ್ನು ಅಳೆಯುವಾಗ ಇರುವ ದೊಡ್ಡ ಅಪಾಯ ಇದು. ಹಿಂದುಳಿದ ಮಗು ಬಾರದಿದ್ದರೆ ಲಾಭವಾಗುವಂಥ ಗುರಿಯನ್ನು ಹಾಕಿಕೊಂಡರೆ, ಆ ಮಗುವನ್ನು ಹುಡುಕಿಕೊಂಡು ಹೋಗುವವರು ಯಾರು? ಆದುದರಿಂದ ಛೇದ, ಅಂದರೆ ಗೆರೆಯ ಕೆಳಗಿನ ಸಂಖ್ಯೆ, ಜೂನ್ ತಿಂಗಳ ಹಾಜರಿ ಪುಸ್ತಕದ್ದೇ ಆಗಿರಬೇಕು. ದಾಖಲಾತಿ, ಹಾಜರಿ, ಕಲಿಕೆ ಮೂರನ್ನೂ ಜೋಡಿಸಿ ನೋಡಿದರೆ ಈ ಕಿಂಡಿ ಮುಚ್ಚುತ್ತದೆ. ಆಗ ಶಿಕ್ಷಕಿಯ ಗುರಿ ಹೀಗಿರುತ್ತದೆ: "ಜೂನ್‌ನಲ್ಲಿ ಅಕ್ಷರ ಅಥವಾ ಅದಕ್ಕೂ ಕೆಳಗಿದ್ದ ಈ ಒಂಬತ್ತು ಮಕ್ಕಳು, ಗುಳೆ ಹೋಗಿ ಬರುವವರೂ ಸೇರಿ, ಮಾರ್ಚ್ ವೇಳೆಗೆ ಸರಳ ವಾಕ್ಯ ಓದಬೇಕು." ಒಂಬತ್ತೂ ಹೆಸರುಗಳು ಆಕೆಯ ಪುಸ್ತಕದಲ್ಲಿರುತ್ತವೆ. ಹೆಸರಿಲ್ಲದ ಶೇಕಡಾವಾರು ಗುರಿ ನನಗಂತೂ ಅರ್ಧ ಗುರಿಯೇ.

ಇನ್ನೊಂದು ಮಾತು. ಮಾರ್ಚ್‌ನಲ್ಲಿ ಕುಷ್ಟಗಿಯ ಈ ತರಗತಿಯಲ್ಲಿ 8 ಮಕ್ಕಳು ಕಥೆ ಓದಿದರು, ಗಂಗಾವತಿ ಪಟ್ಟಣದ ಅಷ್ಟೇ ದೊಡ್ಡ ತರಗತಿಯಲ್ಲೂ 8 ಮಕ್ಕಳು ಓದಿದರು ಎಂದುಕೊಳ್ಳಿ. ಇಬ್ಬರು ಶಿಕ್ಷಕರದ್ದೂ ಸಮಾನ ಸಾಧನೆಯೇ? ಪಟ್ಟಣದ ತರಗತಿಯಲ್ಲಿ ಜೂನ್‌ನಲ್ಲೇ 8 ಮಂದಿ ಓದುತ್ತಿದ್ದರೆ ಅಲ್ಲಿ ಏರಿಕೆ ಸೊನ್ನೆ, ಇಲ್ಲಿ ಐದು. ಮನೆಯಲ್ಲಿ ಲಂಬಾಣಿಯೋ ತೆಲುಗೋ ಉರ್ದುವೋ ಆಡುವ ಮಗು ಕನ್ನಡ ಓದು ಕಲಿಯಲು ಹೊರಡುವ ಜಾಗವೇ ಬೇರೆ. ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ಇದನ್ನು ವಿವರಿಸಬೇಕಾಗಿಲ್ಲ. ಸ್ಥಾನಪಲ್ಲಟ ಹೇಳಬೇಕಾದರೆ ಹೊರಟ ಬಿಂದು ಗೊತ್ತಿರಬೇಕು. ಹಾಗೆಯೇ 24 ಮಕ್ಕಳ ತರಗತಿಯಲ್ಲಿ ಒಂದು ಮಗು ಎಂದರೆ ಶೇಕಡಾ ನಾಲ್ಕಕ್ಕಿಂತ ಹೆಚ್ಚು. ಒಬ್ಬರಿಗೆ ಆ ದಿನ ಜ್ವರ ಬಂದರೆ ಸಾಕು, ಶಾಲೆ 'ಕುಸಿಯುತ್ತದೆ'. ಇಷ್ಟು ಸಣ್ಣ ಅಂಕಿಯ ಮೇಲೆ ಬಡ್ತಿಯನ್ನೋ ಶಿಕ್ಷೆಯನ್ನೋ ನಿಲ್ಲಿಸುವುದು ಸರಿಯಲ್ಲ.

ಶಿಕ್ಷೆಯ ಮಾತು ಬಂದದ್ದರಿಂದ ಸ್ವಲ್ಪ ಇತಿಹಾಸ. 1862ರಲ್ಲಿ ಇಂಗ್ಲೆಂಡಿನಲ್ಲಿ ರಾಬರ್ಟ್ ಲೋ ಎಂಬ ಮುತ್ಸದ್ದಿ ಹೊಸ ನಿಯಮ ತಂದರು. ಮಕ್ಕಳ ಹಾಜರಿ, ಓದು, ಬರಹ, ಲೆಕ್ಕಗಳ ಪರೀಕ್ಷೆ ನೋಡಿ ಶಾಲೆಗೆ ಅನುದಾನ ಕೊಡಬೇಕೆಂಬ ನಿಯಮ ಅದು. ಇನ್‌ಸ್ಪೆಕ್ಟರ್ ಬರುವ ವೇಳೆಗೆ ಮಕ್ಕಳು ಓದುವ ಪುಸ್ತಕವನ್ನೇ ಬಾಯಿಪಾಠ ಮಾಡಿರುತ್ತಿದ್ದರು. ಶಾಲೆಗಳ ಇನ್‌ಸ್ಪೆಕ್ಟರ್ ಆಗಿದ್ದ ಕವಿ ಮ್ಯಾಥ್ಯೂ ಆರ್ನಾಲ್ಡ್ ಇದನ್ನು ಕಟುವಾಗಿ ಟೀಕಿಸಿದರು. ಆ ಶತಮಾನ ಮುಗಿಯುವುದರೊಳಗೆ ಪದ್ಧತಿಯೂ ಮುಗಿಯಿತು. ಅಮೆರಿಕದ ಅಟ್ಲಾಂಟಾ ನಗರದ ಕಥೆ ಇನ್ನೂ ಕೆಟ್ಟದ್ದು. ಅಲ್ಲಿ ಮಕ್ಕಳ ತಪ್ಪು ಉತ್ತರಗಳನ್ನು ಶಿಕ್ಷಕರೇ ಅಳಿಸಿ ತಿದ್ದಿದ್ದರು. 44 ಶಾಲೆಗಳ 178 ಮಂದಿ ಶಿಕ್ಷಕರು ಮತ್ತು ಮುಖ್ಯಸ್ಥರು ಇದರಲ್ಲಿ ಭಾಗಿಗಳೆಂದು 2011ರ ತನಿಖೆ ಹೇಳಿತು.

ನಮ್ಮದೇ ಎಸ್.ಎಸ್.ಎಲ್.ಸಿ. ನೋಡಿ. 2023ರಲ್ಲಿ ರಾಜ್ಯದ ಫಲಿತಾಂಶ ಶೇಕಡಾ 83.89. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಇಟ್ಟು ವೆಬ್‌ಕಾಸ್ಟಿಂಗ್ ಮಾಡಲಾಯಿತು. ಕೃಪಾಂಕ ಹೆಚ್ಚಿಸಿದ ಮೇಲೂ ಫಲಿತಾಂಶ ಶೇಕಡಾ 73.40ಕ್ಕೆ ಇಳಿಯಿತು. ಒಂದೇ ವರ್ಷದಲ್ಲಿ ನಾಡಿನ ಮಕ್ಕಳೆಲ್ಲ ದಡ್ಡರಾದರೆ? ಬದಲಾದದ್ದು ಅಳತೆಗೋಲು. (ಕ್ಯಾಮೆರಾದವರು ಬಂದರೆ ಜನ ಕೂದಲು ಸರಿಮಾಡಿಕೊಳ್ಳುವುದನ್ನಷ್ಟೇ ನಾವು ಕಂಡಿದ್ದೆವು!)

ಹಾಗಾದರೆ ಅಳತೆಯನ್ನೇ ಬಿಟ್ಟುಬಿಡೋಣವೇ? ಬೇಡ. ನೆರೆಯ ಆಂಧ್ರಪ್ರದೇಶದಲ್ಲಿ 2005ರಿಂದ ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ ನಡೆಸಿದ ಪ್ರಯೋಗದಲ್ಲಿ, ಮಕ್ಕಳ ಅಂಕ ಹಿಂದಿನ ವರ್ಷಕ್ಕಿಂತ ಎಷ್ಟು ಏರಿತು ಎಂಬುದರ ಮೇಲೆ ಶಿಕ್ಷಕರಿಗೆ ಸಣ್ಣ ಬೋನಸ್ ಕೊಟ್ಟರು. ಎರಡು ವರ್ಷಗಳ ಬಳಿಕ ಆ ಶಾಲೆಗಳ ಮಕ್ಕಳು ಗಣಿತ, ಭಾಷೆ ಎರಡರಲ್ಲೂ ಇತರರಿಗಿಂತ ಮುಂದಿದ್ದರು. ತಿಳಿವಳಿಕೆ ಕೇಳುವ ಪ್ರಶ್ನೆಗಳಲ್ಲೂ ಹಾಗೆಯೇ. ಇಲ್ಲಿ ಎರಡು ಸಂಗತಿ ಗಮನಿಸಿ. ಅಳೆದದ್ದು ಏರಿಕೆಯನ್ನು, ಅಳೆದವರು ಹೊರಗಿನವರು.

ಅಳತೆಗೋಲನ್ನು ಕನ್ನಡಕ್ಕೆ ಒಗ್ಗಿಸಿಕೊಳ್ಳುವ ಕೆಲಸವೂ ಇದೆ. 2021ರ 'ನಿಪುಣ್ ಭಾರತ್' ಯೋಜನೆಯಲ್ಲಿ ಮೂರನೆಯ ತರಗತಿ ಮುಗಿಸುವ ಮಗು ನಿಮಿಷಕ್ಕೆ ಕನಿಷ್ಠ 60 ಪದಗಳನ್ನು ಅರ್ಥ ತಿಳಿದು ಓದಬೇಕೆಂಬ ಗುರಿಯಿತ್ತು. ಹಿಂದಿಯಲ್ಲಿ 'ಸ್ಕೂಲ್ ಸೇ' ಎರಡು ಪದ, ನಮ್ಮ 'ಶಾಲೆಯಿಂದ' ಒಂದೇ. 'ಹೋಗಬೇಕಾಗಿತ್ತು' ಎಂಬ ಒಂದು ಕನ್ನಡ ಪದದೊಳಗೆ ಬೇರೆ ಭಾಷೆಯ ಮೂರು ಪದಗಳು ಕುಳಿತಿರಬಹುದು. ನಮ್ಮ ಮಗು ನಿಧಾನ ಎಂದು ಗೋಲು ಹೇಳಿದರೆ ಎಡವಿದ್ದು ಮಗುವಲ್ಲ, ಗೋಲು. 2022ರ ಬುನಾದಿ ಕಲಿಕೆಯ ಅಧ್ಯಯನದಲ್ಲಿ ಎನ್.ಸಿ.ಇ.ಆರ್.ಟಿ. ಭಾಷೆಭಾಷೆಗೆ ಬೇರೆ ಮಟ್ಟ ಗೊತ್ತುಮಾಡಿದ್ದು ಇದಕ್ಕಾಗಿಯೇ.

ನೀವೂ ಇದನ್ನು ಮಾಡಿ ನೋಡಬಹುದು. ಮನೆಯಲ್ಲಿ ಅಥವಾ ಓಣಿಯಲ್ಲಿ ಮೂರನೆಯ, ನಾಲ್ಕನೆಯ ತರಗತಿ ಓದುವ ತಮ್ಮನೋ ತಂಗಿಯೋ ಇದ್ದರೆ, ಅವರು ಮೊದಲು ನೋಡದ ಒಂದು ಸಣ್ಣ ಕಥೆಯನ್ನು ಕೊಡಿ. ಓದಿಸಿ, ನಡುವೆ ತಿದ್ದಬೇಡಿ. ಓದಿದ ಮೇಲೆ ಕಥೆಯಲ್ಲಿ ಏನಾಯಿತು ಎಂದು ಕೇಳಿ. ತಡವರಿಸಿದರೆ ಕಥೆಯಿಂದ ವಾಕ್ಯಕ್ಕೆ, ವಾಕ್ಯದಿಂದ ಪದಕ್ಕೆ ಇಳಿಯಿರಿ. ಯಾವ ಮೆಟ್ಟಿಲಿನಲ್ಲಿ ನಿಂತರು ಎಂಬುದನ್ನು ದಿನಾಂಕದೊಂದಿಗೆ ಬರೆದಿಡಿ. ಮೂರು ತಿಂಗಳ ನಂತರ ಬೇರೊಂದು ಕಥೆಯೊಂದಿಗೆ ಮತ್ತೆ ಕೂತುಕೊಳ್ಳಿ. ಅದೇ ಕಥೆ ಬೇಡ, ಅಷ್ಟರಲ್ಲಿ ಅದು ಬಾಯಿಪಾಠವಾಗಿರುತ್ತದೆ.