ಬೆನ್ನ ಹಿಂದೆ ಟರ್ಬೊ ರೋಟರಿ: ತಂಪು ಮಾಡೋದು ಹೇಗೆ?

ಮಜ್ದಾ ಆರ್‌ಎಕ್ಸ್-7ರ 13ಬಿ ಟರ್ಬೊ ಎಂಜಿನ್ ತೆಗೆದು ಟೊಯೋಟಾ ಎಂಆರ್2ರಂಥ ಮಿಡ್-ಎಂಜಿನ್ ಕಾರಿಗೆ ಕೂರಿಸಬಹುದಾ? ಎಂಜಿನ್ ಪುಟ್ಟದು, ಬರೀ 1.3 ಲೀಟರ್. ಕೂರಿಸಬಹುದು. ತಲೆನೋವು ಇರೋದು ಶಾಖದ್ದು.

ಪಿಸ್ಟನ್ ಎಂಜಿನ್‌ನಲ್ಲಿ ತಣ್ಣನೆ ಗಾಳಿ ಬರೋದೂ, ಬೆಂಕಿ ಹೊತ್ತೋದೂ ಒಂದೇ ಜಾಗದಲ್ಲಿ. ರೋಟರಿಯಲ್ಲಿ ಹೌಸಿಂಗ್‌ನ ಒಂದು ಬದಿ ಸದಾ ಉರೀತಿರುತ್ತೆ, ಇನ್ನೊಂದು ಬದಿಗೆ ಸದಾ ಹೊಸ ಗಾಳಿ. ಮೇಲಾಗಿ ಇದು ಅಲ್ಯೂಮಿನಿಯಂ, ಕಬ್ಬಿಣದ ಭಾಗಗಳನ್ನು ಸ್ಯಾಂಡ್‌ವಿಚ್ ಥರ ಜೋಡಿಸಿದ ಎಂಜಿನ್. ಬಿಸಿಗೆ ಎರಡೂ ಒಂದೇ ಸಮ ಹಿಗ್ಗಲ್ಲ. ಜೋರಾಗಿ ಓವರ್‌ಹೀಟ್ ಆದ್ರೆ ನಡುವಿನ ರಬ್ಬರ್ ಸೀಲ್ ಸೋತು ಕೂಲೆಂಟ್ ಒಳಗೆ ನುಗ್ಗುತ್ತೆ. ಆಗ ಇಡೀ ಎಂಜಿನ್ ಬಿಚ್ಚಬೇಕು. ರೋಟರ್‌ನ ಒಳಗನ್ನು ತಂಪು ಮಾಡೋದು ಎಂಜಿನ್ ಆಯಿಲ್. ಹಾಗಾಗಿ ದೊಡ್ಡ ಆಯಿಲ್ ಕೂಲರ್ ಬೇಕೇ ಬೇಕು.

ಎಂಆರ್2ರಲ್ಲಿ ರೇಡಿಯೇಟರ್ ಮುಂದೆ, ಎಂಜಿನ್ ನಮ್ಮ ಬೆನ್ನ ಹಿಂದೆ. ನಡುವಿನ ಉದ್ದ ಪೈಪ್‌ನಲ್ಲಿ ಗಾಳಿ ಗುಳ್ಳೆ ಉಳಿದ್ರೆ ಕೂಲೆಂಟ್ ಸರಿಯಾಗಿ ಹರಿಯಲ್ಲ. ಇಂಟರ್‌ಕೂಲರ್‌ಗೆ ಗಾಳಿ ಬರೋದು ಪಕ್ಕದ ಕಿಂಡಿಯಿಂದ. ಕೆಂಪಗೆ ಕಾದ ಟರ್ಬೊದ ಬಿಸಿ ಬೇರೆ ಎಂಜಿನ್ ಬೇಯಲ್ಲೇ ಕೂತಿರುತ್ತೆ.

1991ರಲ್ಲಿ ಲೆ ಮಾನ್ಸ್ ಗೆದ್ದ ಮಜ್ದಾ 787ಬಿಗೂ ರೋಟರಿ ಹಿಂದೇನೇ ಇತ್ತಲ್ವಾ ಅಂತೀರಾ? ಇತ್ತು, ಆದ್ರೆ ಟರ್ಬೊ ಇರಲಿಲ್ಲ. ರೇಸಲ್ಲಿ ಗಾಳಿ ಸದಾ ನುಗ್ತಿರುತ್ತೆ. ರಸ್ತೆಯಲ್ಲಿ ಸಿಗ್ನಲ್ ಬರುತ್ತೆ, ಗಾಳಿ ನಿಲ್ಲುತ್ತೆ.

ಅದಕ್ಕೇ ಬಜೆಟ್‌ನಲ್ಲಿ ರೇಡಿಯೇಟರ್, ಆಯಿಲ್ ಕೂಲರ್, ಫ್ಯಾನ್, ಟೆಂಪರೇಚರ್ ಮೀಟರ್‌ಗಳಿಗೆ ಮೊದಲು ದುಡ್ಡಿಡಿ. ಹಾರ್ಸ್‌ಪವರ್ ಆಮೇಲೆ.