ಫಿಜಿಯ ಹುಡುಗಿಯರೂ ತೆರೆಯ ಮೇಲಿನ ಚೆಲುವೆಯರೂ

ಶಾಂತಸಾಗರದ ಫಿಜಿ ದ್ವೀಪಗಳ ಹಳ್ಳಿಯೊಂದರಲ್ಲಿ ಊಟದ ಹೊತ್ತಿಗೆ ನೀವು ಯಾರದಾದರೂ ಮನೆಯ ಮುಂದೆ ಹಾದುಹೋದರೆ, ತೆರೆದ ಬಾಗಿಲಿನಿಂದ ಒಂದು ಕೂಗು ಕೇಳಿಬರುತ್ತದೆ: “ಮೈ ಕಾನಾ!” ಕನ್ನಡಿಗರ ಕಿವಿಗೆ ಇದು ಮೈಗೆ ಸಂಬಂಧಿಸಿದ ಮಾತಿನಂತೆ ತೋರಬಹುದು. ಅದರ ಅರ್ಥ “ಬನ್ನಿ, ಊಟ ಮಾಡಿ” ಎಂದಷ್ಟೆ. ಆದರೂ, ಮುಂದೆ ಓದಿದಂತೆ ನಿಮಗೇ ತಿಳಿಯುವುದು, ಆ ಕರೆಗೂ ಮೈಗೂ ಸಂಬಂಧವಿಲ್ಲದೆ ಇಲ್ಲ.

ಫಿಜಿ ನಮಗೆ ತೀರ ಅಪರಿಚಿತವಾದ ನಾಡಲ್ಲ. 1879ರಿಂದ 1916ರವರೆಗೆ ಸುಮಾರು 60,000 ಮಂದಿ ಭಾರತೀಯರನ್ನು ಕರಾರಿನ ಕೂಲಿಗಳನ್ನಾಗಿ ಹಡಗು ಹತ್ತಿಸಿ ಅಲ್ಲಿಗೆ ಸಾಗಿಸಲಾಯಿತು. ಆದರೆ ಇಲ್ಲಿ ಹೇಳಹೊರಟಿರುವುದು ಆ ದ್ವೀಪಗಳ ಮೂಲನಿವಾಸಿಗಳ ಹೆಣ್ಣುಮಕ್ಕಳ ಕಥೆ.

ಅಮೆರಿಕದ ಮನೋವೈದ್ಯೆಯೂ ಮಾನವಶಾಸ್ತ್ರಜ್ಞೆಯೂ ಆದ ಆನ್ ಬೆಕರ್ ಎಂಬಾಕೆ ವಿಟಿ ಲೆವು ದ್ವೀಪದ ನಾಂಡ್ರೋಂಗಾ ಪ್ರಾಂತದಲ್ಲಿ 1980ರ ದಶಕದಿಂದಲೇ ಹಳ್ಳಿಗರ ಜೀವನಕ್ರಮವನ್ನು ಅಭ್ಯಸಿಸಿದವರು. ಅಲ್ಲಿ ಒಬ್ಬಳ ಮೈ ಅವಳೊಬ್ಬಳ ಸ್ವತ್ತಲ್ಲ, ಅವಳನ್ನು ಸಾಕಿದ ಮನೆಯವರ, ನೆರೆಹೊರೆಯವರ ಅಕ್ಕರೆಗೆ ಸಾಕ್ಷಿ ಎಂಬುದು ಅವರು ಕಂಡುಕೊಂಡ ಸಂಗತಿ. ಹುಡುಗಿ ಮೈತುಂಬಿಕೊಂಡಿದ್ದರೆ ಮನೆಗೆ ಶ್ಲಾಘನೆ. ಸೊರಗಿದರೆ ಇಡೀ ಊರಿಗೆ ಚಿಂತೆ. ಹಸಿವು ಕುಂದುವುದನ್ನು ‘ಮದಾಕೆ’ ಎಂಬ ರೋಗವೆಂದೇ ಕರೆದು, ಗಿಡಮೂಲಿಕೆಗಳ ಮದ್ದು ಕುಡಿಸುವ ಪದ್ಧತಿ ಅಲ್ಲಿ ಹಿಂದಿನಿಂದಲೂ ಇದೆ. ನಮ್ಮಲ್ಲಿಯೂ, ರಜೆಗೆ ಮನೆಗೆ ಬಂದ ಮೊಮ್ಮಗಳನ್ನು ಕಂಡೊಡನೆ “ಎಷ್ಟು ಇಳಿದುಹೋಗಿದ್ದೀಯೇ ಮಗಳೇ!” ಎಂದು ಅಜ್ಜಿ ತುಪ್ಪದ ಗಿಂಡಿಗೆ ಕೈಹಾಕುತ್ತಿದ್ದುದು ಇದೇ ಭಾವದಿಂದ.

ಈ ಅಕ್ಕರೆ ಸಂಪೂರ್ಣ ನಿರಪಾಯಕಾರಿ ಎಂದು ನಾನು ಹೇಳಲಾರೆ. ಬೊಜ್ಜು, ಸಿಹಿಮೂತ್ರ ರೋಗಗಳೆರಡೂ ಫಿಜಿಯನ್ನು ಬಹಳವಾಗಿ ಕಾಡುತ್ತಿವೆ. ಆದರೆ ತನ್ನ ಮೈಯನ್ನು ಕಂಡು ತಾನೇ ನಾಚುವ ಹುಡುಗಿ ಆ ಹಳ್ಳಿಗಳಲ್ಲಿ ಅಪರೂಪವಾಗಿದ್ದಳೆಂಬುದೂ ನಿಜ.

1995ರಲ್ಲಿ ನಾಂಡ್ರೋಂಗಾಕ್ಕೆ ಟೆಲಿವಿಷನ್ ಬಂದಿತು. ಇದ್ದುದು ಒಂದೇ ವಾಹಿನಿ. ಅದರಲ್ಲಿ ಬರುತ್ತಿದ್ದ ಕಥೆಗಳು ಹೆಚ್ಚಾಗಿ ಅಮೆರಿಕ, ಇಂಗ್ಲೆಂಡ್, ಆಸ್ಟ್ರೇಲಿಯ, ನ್ಯೂಜಿಲೆಂಡುಗಳಲ್ಲಿ ತಯಾರಾದವು. ಪೆಟ್ಟಿಗೆ ಬಂದ ಕೆಲವೇ ವಾರಗಳಲ್ಲಿ ಬೆಕರ್ ಶಾಲೆಗೆ ಹೋಗುವ 63 ಹುಡುಗಿಯರಿಗೆ, ಆಹಾರದ ಬಗೆಗಿನ ಮನೋಭಾವವನ್ನು ಅಳೆಯುವ 26 ಪ್ರಶ್ನೆಗಳ ಪಟ್ಟಿಯನ್ನು ಕೊಟ್ಟು ಉತ್ತರ ಪಡೆದರು. ಮೂರು ವರ್ಷಗಳ ಅನಂತರ, 1998ರಲ್ಲಿ, ಅದೇ ವಯಸ್ಸಿನ 65 ಹುಡುಗಿಯರಿಗೆ ಅದೇ ಪಟ್ಟಿ. ಕಳವಳ ಹುಟ್ಟಿಸುವಷ್ಟು ಅಂಕ ಪಡೆದವರು ಮೊದಲ ಸಲ ಶೇಕಡಾ 12.7; ಎರಡನೆಯ ಸಲ ಶೇಕಡಾ 29.2. ತೂಕ ಇಳಿಸಲೆಂದು ಬೇಕೆಂದೇ ವಾಂತಿ ಮಾಡಿಕೊಳ್ಳುವವರು 1995ರಲ್ಲಿ ಒಬ್ಬಳೂ ಇರಲಿಲ್ಲ. 1998ರಲ್ಲಿ ಶೇಕಡಾ 11.3ರಷ್ಟು ಹುಡುಗಿಯರು ಹಾಗೆ ಮಾಡಿದ್ದುಂಟೆಂದು ಒಪ್ಪಿಕೊಂಡರು. ನೂರಕ್ಕೆ 74 ಮಂದಿ ಆಗಾಗಲಾದರೂ ತಾವು ದಪ್ಪವೆಂದು ಕೊರಗಿದವರೇ.

ಮೂರೇ ವರ್ಷ! ಅಜ್ಜಿಯ ಮಾತು ಇಷ್ಟು ಬೇಗ ಹಳತಾದುದು ಹೇಗೆ? ಬರಿಯ ಅನುಕರಣೆಯ ಚಾಪಲ್ಯವೆಂದು ತಳ್ಳಿಹಾಕಿದರೆ ಆ ಹುಡುಗಿಯರಿಗೆ ಅನ್ಯಾಯ ಮಾಡಿದಂತಾಗುತ್ತದೆ. ಬೆಕರ್ ಅವರೊಡನೆ ಕುಳಿತು ಮಾತನಾಡಿದಾಗ ಹೊರಬಿದ್ದುದು ಬೇರೆಯೇ ಸಂಗತಿ. ಆ ಹುಡುಗಿಯರಿಗೆ ಬೇಕಾಗಿದ್ದುದು ತೆರೆಯ ಮೇಲಿನ ಚೆಲುವೆಯರ ತೆಳ್ಳನೆಯ ಸೊಂಟ ಮಾತ್ರವಲ್ಲ, ಅವರ ಬಾಳು. ಆ ಹೆಂಗಸರಿಗೆ ಉದ್ಯೋಗವಿತ್ತು, ಕೈಯಲ್ಲಿ ಹಣವಿತ್ತು, ತಮ್ಮಿಚ್ಛೆಯಂತೆ ನಡೆಯುವ ಧೈರ್ಯವಿತ್ತು. ಹೊಲ ಮೀನುಗಳನ್ನು ನಂಬಿದ ಹಳ್ಳಿಯಿಂದ ಸಂಬಳದ ಜಗತ್ತಿಗೆ ಕಾಲಿಡಬೇಕಾದ ಹುಡುಗಿಗೆ ಆ ದಾರಿ ತೋರಿಸುವ ಹಿರಿಯರು ಮನೆಯಲ್ಲಿರಲಿಲ್ಲ. ತೆಳ್ಳಗಾದರೆ ಕೆಲಸ ಸಿಕ್ಕೀತೆಂದು ಅವಳು ಲೆಕ್ಕ ಹಾಕಿದಳು. ಆ ಲೆಕ್ಕ ಪೂರ್ತಿ ತಪ್ಪೆಂದು ಎದೆಮುಟ್ಟಿ ಹೇಳಬಲ್ಲವರು ಯಾರು? ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ಮುಗಿಸಿ ಎದ್ದುಹೋದ ಮೇಲೆ ಆಡುವ ಮಾತು ನಮ್ಮ ಮನೆಗಳಲ್ಲಿಯೂ ತಿಳಿಯದ್ದಲ್ಲ.

ತೂಕದ ಯಂತ್ರ ಈ ಸಂಕಟವನ್ನು ತೋರಿಸುವುದಿಲ್ಲ. ವಾಂತಿ ಮಾಡಿಕೊಳ್ಳುವ ಹುಡುಗಿಯ ತೂಕ ಅನೇಕ ವೇಳೆ ಎಲ್ಲರಂತೆಯೇ ಇರುತ್ತದೆ. ಪಂಕ್ತಿಯಲ್ಲಿ ಎಲ್ಲರೊಡನೆ ಉಣ್ಣುತ್ತಾಳೆ. “ಮೈ ಕಾನಾ” ಎಂದರೆ ಬಂದು ಕೂರುತ್ತಾಳೆ. ಆಮೇಲೆ ಒಬ್ಬಳೇ ಎದ್ದುಹೋಗುತ್ತಾಳೆ. ಪದೇಪದೇ ಹೀಗಾದರೆ ಹೊಟ್ಟೆಯ ಆಮ್ಲ ಹಲ್ಲಿನ ಹೊಳಪಿನ ಪದರವನ್ನು ತಿಂದುಹಾಕುತ್ತದೆ. ರಕ್ತದಲ್ಲಿ ಪೊಟ್ಯಾಸಿಯಂ ಇಳಿದು ಹೃದಯದ ಬಡಿತವೇ ತಾಳತಪ್ಪಬಹುದು. ಹಸಿವಿಲ್ಲದ ಮಗಳಿಗೆ ಮದ್ದು ಅರೆಯಬಲ್ಲ ತಾಯಿಗೆ ಇದು ಕಣ್ಣಿಗೇ ಬೀಳದ ಕಾಯಿಲೆ.

ಈ ಪರೀಕ್ಷೆಯ ಬಗ್ಗೆ ಆಕ್ಷೇಪಣೆಗಳಿಲ್ಲದಿಲ್ಲ. ಎರಡು ಸಲವೂ ಉತ್ತರಿಸಿದವರು ಒಬ್ಬರೇ ಅಲ್ಲ, ಸಂಖ್ಯೆಯೂ ಸಣ್ಣದು, ಆ ಮೂರು ವರ್ಷಗಳಲ್ಲಿ ಹಳ್ಳಿಗೆ ಬಂದದ್ದು ಟೆಲಿವಿಷನ್ ಒಂದೇ ಅಲ್ಲ. ಆಕ್ಷೇಪಣೆ ಸಾಧುವಾದುದೇ. ಬೆಕರ್ ಮತ್ತು ಸಂಗಡಿಗರು ಮತ್ತೆ ಫಿಜಿಯ 523 ಹುಡುಗಿಯರನ್ನು ಪ್ರಶ್ನಿಸಿ, 2011ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಈ ಸಲ ಕಂಡುಬಂದದ್ದು ಇನ್ನೂ ವಿಚಿತ್ರ. ಹುಡುಗಿಯ ಸ್ವಂತ ಮನೆಯಲ್ಲಿ ಟೆಲಿವಿಷನ್ ಇದೆಯೇ ಇಲ್ಲವೇ ಎಂಬುದಕ್ಕಿಂತ, ಅವಳ ಗೆಳತಿಯರಿಗೆ ಅಂಥವು ಎಷ್ಟು ದೊರೆಯುತ್ತವೆ ಎಂಬುದರೊಡನೆ ಊಟದ ಈ ತೊಡಕಿಗೆ ಹೆಚ್ಚಿನ ನಂಟಿತ್ತು. ಪೆಟ್ಟಿಗೆಯನ್ನು ಹಜಾರದಿಂದ ಎತ್ತಿ ಅಟ್ಟಕ್ಕೆ ಹಾಕಿದ ತಂದೆಯ ಮಗಳೂ ಬೆಳಿಗ್ಗೆ ಶಾಲೆಯ ಬೆಂಚಿನಲ್ಲಿ ಗೆಳತಿಯ ಪಕ್ಕದಲ್ಲಿಯೇ ಕೂರುತ್ತಾಳಷ್ಟೆ.